ಗುತ್ತಿಗೆ ಕೆಲಸಗಾರ್ತಿಗೆ ಸೂಪರ್‌ವೈಸರ್ ಕಿರುಕುಳ: ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಏನು ಮಾಡಬೇಕು?

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನೀವು ಪೀಣ್ಯದ ಒಂದು ಗಾರ್ಮೆಂಟ್ಸ್‌ಗೆ ಗುತ್ತಿಗೆದಾರರ ಮೂಲಕ ಹೆಲ್ಪರ್ ಆಗಿ ಸೇರಿ ಈಗ ಟೈಲರ್ ಆಗಿದ್ದೀರಿ. ಲೈನ್ ಸೂಪರ್‌ವೈಸರ್ ಓಟಿ ಮುಗಿದ ಮೇಲೂ ನಿಲ್ಲುವಂತೆ ಒತ್ತಾಯಿಸುವುದು, ಮೈ ಮುಟ್ಟುವುದು, ರಾತ್ರಿ ಮೊಬೈಲ್‌ಗೆ ಮೆಸೇಜ್ ಕಳಿಸುವುದು ಕೆಲವು ತಿಂಗಳುಗಳಿಂದ ನಡೆದಿದೆ. ನೀವು ತಿರುಗಿ ಮಾತನಾಡಿದ ಮೇಲೆ ಯಾರಿಂದಲೂ ಮುಗಿಸಲಾಗದ ಟಾರ್ಗೆಟ್ ಕೊಟ್ಟು, ಇಡೀ ಲೈನ್ ಕೇಳುವ ಹಾಗೆ ಜಾತಿ ಹಿಡಿದು ಬೈದಿದ್ದಾರೆ; ಅದಾಗಿ ಎಂಟು ವಾರವಾಗಿದೆ. ಈಗ ಎಚ್‌ಆರ್‌ನವರು ರಾಜೀನಾಮೆ ಪತ್ರ ಮುಂದಿಟ್ಟು, ಸಹಿ ಹಾಕಿದರೆ ಬಾಕಿ ಸಂಬಳ ಕೊಡುತ್ತೇವೆ ಎನ್ನುತ್ತಿದ್ದಾರೆ. ಪರಿಶಿಷ್ಟ ಜಾತಿಗೆ ಸೇರಿದ, ಕಂಪನಿಯ ಪಟ್ಟಿಯಲ್ಲಿ ಹೆಸರೇ ಇಲ್ಲದ ನನಗೆ ಹಣ ಖರ್ಚಿಲ್ಲದೆ ಕಾನೂನಿನ ನೆರವು ಸಿಗುತ್ತದೆಯೇ ಎಂದು ಕೇಳಿದ್ದೀರಿ.

ಖಂಡಿತ ಸಿಗುತ್ತದೆ. ಆದರೆ ಅದಕ್ಕೂ ಮೊದಲು ಹೇಳಬೇಕಾದದ್ದು ಒಂದಿದೆ: ಆ ಕಾಗದಕ್ಕೆ ಸಹಿ ಹಾಕಬೇಡಿ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಈಗ ನಾನು ಉಚಿತ ಕಾನೂನು ನೆರವು ಕೊಡುವ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ವಕೀಲೆ, ಎರಡು ಕಾರ್ಖಾನೆಗಳಲ್ಲಿ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿಯ ಹೊರಗಿನ ಸದಸ್ಯೆಯೂ ಹೌದು. ಆದರೆ 2009ರಲ್ಲಿ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದಾಗ ಇಂಥದ್ದೇ ಕಾಗದಕ್ಕೆ ನಾನೂ ಸಹಿ ಹಾಕಿದ್ದೆ. 'ವೈಯಕ್ತಿಕ ಕಾರಣಗಳಿಂದ' ಎಂದು ಮೊದಲೇ ಟೈಪ್ ಮಾಡಿಸಿ, ದಿನಾಂಕದ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದರು. ಮೇಜಿನ ಮೇಲೆ ಪೆನ್ನಿನ ಮುಚ್ಚಳ ತೆಗೆದು ಇಟ್ಟಿದ್ದದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯಲು ಹೋಗಿ 1992ರಲ್ಲಿ ಅತ್ಯಾಚಾರಕ್ಕೆ ಒಳಗಾದ ಭಂವರಿ ದೇವಿಯವರ ಪ್ರಕರಣದಿಂದ ಹುಟ್ಟಿದ ವಿಶಾಖಾ ತೀರ್ಪನ್ನು ಸುಪ್ರೀಂ ಕೋರ್ಟ್ 1997ರಲ್ಲೇ ಕೊಟ್ಟಿತ್ತು. ಪ್ರತಿ ಕೆಲಸದ ಜಾಗದಲ್ಲೂ ದೂರು ಸಮಿತಿ ಇರಬೇಕೆಂದು ಅದು ಹೇಳಿ ಆಗಲೇ ಹನ್ನೆರಡು ವರ್ಷವಾಗಿತ್ತು. ನನಗೆ ಅದನ್ನು ಹೇಳುವವರು ಯಾರೂ ಇರಲಿಲ್ಲ. ಹೀಗಾಗಿ ಇಂಥ ಪ್ರಶ್ನೆ ಕಂಡಾಗಲೆಲ್ಲ ಉತ್ತರ ಬರೆಯದೆ ಇರಲು ನನ್ನಿಂದ ಆಗುವುದಿಲ್ಲ.

ಬಾಕಿ ಸಂಬಳ ನೀವು ದುಡಿದದ್ದು. ಅದನ್ನು ರಾಜೀನಾಮೆಗೆ ಬದಲಾಗಿ ಕೊಡುವ ಹಣದಂತೆ ತೋರಿಸುವುದಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ರಾಜೀನಾಮೆ ಕೊಟ್ಟರೆ ದೂರು ಕೊಡುವ ಹಕ್ಕು ಹೋಗುವುದಿಲ್ಲವಾದರೂ, 'ಅವರಾಗಿಯೇ ಬಿಟ್ಟು ಹೋದರು' ಎಂಬ ಒಂದು ಸಾಲು ಮುಂದೆ ಕೆಲಸ ವಾಪಸ್ ಕೇಳುವಾಗ ಪ್ರತಿ ಹೆಜ್ಜೆಗೂ ಅಡ್ಡ ಬರುತ್ತದೆ. ಒಂದು ವೇಳೆ ಇದನ್ನು ಓದುವಷ್ಟರಲ್ಲಿ ಸಹಿ ಹಾಕಿಸಿಕೊಂಡಿದ್ದರೆ, ಒತ್ತಾಯಕ್ಕೆ ಸಹಿ ಹಾಕಿದ್ದೇನೆ, ಕೆಲಸ ಬಿಡುವ ಇಚ್ಛೆ ನನಗಿಲ್ಲ ಎಂದು ಅದೇ ದಿನ, ತಪ್ಪಿದರೆ ಮರುದಿನ, ಕೈಬರಹದಲ್ಲೇ ಬರೆದು ಕಂಪನಿಗೂ ಗುತ್ತಿಗೆದಾರರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಇನ್ನು ಗುತ್ತಿಗೆಯ ಮಾತು. ಕೆಲಸದ ಸ್ಥಳದಲ್ಲಿ ಮಹಿಳೆಯರ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯನ್ನು ಪಾಶ್ ಕಾಯ್ದೆ ಎಂದು ಕರೆಯುತ್ತಾರೆ. ಕಾಯಂ, ತಾತ್ಕಾಲಿಕ, ದಿನಗೂಲಿ, ಗುತ್ತಿಗೆದಾರರ ಮೂಲಕ ಬಂದವರು, ತರಬೇತಿಯಲ್ಲಿರುವವರು, ಅಪ್ರೆಂಟಿಸ್ ಎಲ್ಲರೂ ಅದರ ಪ್ರಕಾರ ಉದ್ಯೋಗಿಗಳೇ. ನಿಮ್ಮ ಐಡಿ ಕಾರ್ಡಿನ ಮೇಲೆ ಗುತ್ತಿಗೆದಾರರ ಹೆಸರಿದ್ದ ಮಾತ್ರಕ್ಕೆ 'ನೀನು ನಮ್ಮವಳಲ್ಲ' ಎಂದು ಕಂಪನಿಯ ಸಮಿತಿ ನಿಮ್ಮನ್ನು ವಾಪಸ್ ಕಳಿಸುವಂತಿಲ್ಲ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಪ್ರತಿ ಘಟಕದಲ್ಲೂ ಆಂತರಿಕ ಸಮಿತಿ ಇರಬೇಕು. ಹಿರಿಯ ಮಹಿಳಾ ಉದ್ಯೋಗಿಯೊಬ್ಬರು ಅದರ ಅಧ್ಯಕ್ಷೆಯಾಗಿರಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು, ಒಬ್ಬರಾದರೂ ಕಂಪನಿಗೆ ಸೇರದ ಹೊರಗಿನವರಿರಬೇಕು. ಸಮಿತಿಯನ್ನು ರಚಿಸಿದ ಆದೇಶವನ್ನು ಎಲ್ಲರ ಕಣ್ಣಿಗೆ ಬೀಳುವ ಕಡೆ ಹಾಕಬೇಕಾದ್ದು ಮಾಲೀಕರ ಕರ್ತವ್ಯ. ನಾಳೆ ಊಟದ ಬಿಡುವಿನಲ್ಲಿ ನೋಟಿಸ್ ಬೋರ್ಡ್ ನೋಡಿ, ಹೊರಗಿನ ಸದಸ್ಯರ ಹೆಸರನ್ನು ಬರೆದುಕೊಳ್ಳಿ. ಬೋರ್ಡಿನಲ್ಲಿ ಏನೂ ಇಲ್ಲದಿದ್ದರೆ ಅದನ್ನೂ ದಿನಾಂಕ ಹಾಕಿ ಬರೆದಿಡಿ. ಸಮಿತಿಯನ್ನೇ ರಚಿಸದ ಮಾಲೀಕರಿಗೆ 50,000 ರೂಪಾಯಿಯವರೆಗೆ ದಂಡವಿದೆ.

ಈಗ ದಿನಗಳ ಲೆಕ್ಕ. ಕೊನೆಯ ಘಟನೆ ನಡೆದ ಮೂರು ತಿಂಗಳೊಳಗೆ ಸಮಿತಿಗೆ ಲಿಖಿತ ದೂರು ಕೊಡಬೇಕು. ನಿಮಗೆ ಎಂಟು ವಾರ ಕಳೆದಿದೆ, ಹೆಚ್ಚೆಂದರೆ ಐದು ವಾರ ಉಳಿದಿದೆ. ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ಅವಕಾಶ ಕೊಡಬಹುದು, ಆದರೆ ಅದು ಅವರ ವಿವೇಚನೆಗೆ ಬಿಟ್ಟದ್ದು. ಅದನ್ನು ನಂಬಿ ಕುಳಿತುಕೊಳ್ಳಬೇಡಿ. ಬೇರೆ ಬೇರೆ ದಿನ ನಡೆದ ಘಟನೆಗಳ ಸರಣಿಯಾಗಿದ್ದರೆ ಲೆಕ್ಕ ಕೊನೆಯದರಿಂದ ಶುರುವಾಗುತ್ತದೆ, ಹಾಗಾಗಿ ಹಳೆಯ ಘಟನೆಗಳನ್ನೂ ಸೇರಿಸಿಯೇ ಬರೆಯಿರಿ.

ದೂರು ಬರೆಯುವ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಸತ್ಯವಿದ್ದೂ ಎಷ್ಟೋ ದೂರುಗಳು ಸೊರಗುವುದು ಇಲ್ಲಿಯೇ. 'ಸೂಪರ್‌ವೈಸರ್ ಕೆಟ್ಟದಾಗಿ ನಡೆದುಕೊಳ್ಳುತ್ತಾರೆ' ಎಂಬ ಸಾಲಿಗೆ 'ಇಲ್ಲ' ಎಂದು ಒಂದೇ ಮಾತಿನಲ್ಲಿ ಉತ್ತರ ಕೊಡಬಹುದು. ಇಂಥ ತಾರೀಖು, ಓಟಿ ಮುಗಿದು ಎಲ್ಲರೂ ಪಂಚ್ ಮಾಡಲು ಹೋದಾಗ, ಐರನಿಂಗ್ ಟೇಬಲ್ ಪಕ್ಕದಲ್ಲಿ, ಬಲಗೈಯಿಂದ ನನ್ನ ಭುಜ ಹಿಡಿದು ಇಂಥ ಮಾತನ್ನೇ ಆಡಿದರು ಎಂದು ಬರೆದರೆ ಅದಕ್ಕೆ ಅಷ್ಟು ಸುಲಭದ ಉತ್ತರವಿಲ್ಲ. ಆಡಿದ ಮಾತು ಎಷ್ಟೇ ಹೊಲಸಾಗಿರಲಿ, ಆಡಿದ ಹಾಗೆಯೇ ಬರೆಯಬೇಕು. ನಾಚಿಕೆ ಪಡಬೇಕಾದವರು ನೀವಲ್ಲ. ಇದೇ ಕಾಯ್ದೆಯ 16ನೇ ಸೆಕ್ಷನ್ ಗೋಪ್ಯತೆಯನ್ನು ಕಡ್ಡಾಯ ಮಾಡಿರುವುದರಿಂದ ನಾನು ಕಂಡ ಪ್ರಕರಣಗಳ ಗುರುತು ಹೇಳಲಾರೆ. ಗುರುತು ಬಿಟ್ಟುಕೊಡದೆ ನ್ಯಾಯ ಸಿಕ್ಕ ಸಂಗತಿಯನ್ನು ಹೇಳಲು ಅದೇ ಸೆಕ್ಷನ್ ಅವಕಾಶ ಕೊಟ್ಟಿರುವುದರಿಂದ ಇಷ್ಟನ್ನು ಹೇಳುತ್ತೇನೆ. ಒಬ್ಬ ಹೆಣ್ಣುಮಗಳು ಮಗನ ಕಾಪಿ ಪುಸ್ತಕ ತಂದಿದ್ದರು. ಮುಂದಿನ ಪುಟಗಳಲ್ಲಿ ಆತನ ಕಾಗುಣಿತ, ಹಿಂದಿನಿಂದ ಈಕೆಯ ದಿನಾಂಕಗಳು. ಒಂದೊಂದು ದಿನಕ್ಕೆ ಒಂದೊಂದು ಸಾಲು, ಕೆಲವು ಕಡೆ ತಪ್ಪಕ್ಷರ, ಎರಡು ಕಡೆ ಪೆನ್ನಿನ ಬಣ್ಣ ಬೇರೆ. ಸಮಿತಿ ಕಂಪನಿಯಿಂದ ಪಂಚಿಂಗ್ ದಾಖಲೆ ತರಿಸಿ ನೋಡಿದಾಗ, ಆಕೆ ಬರೆದ ಪ್ರತಿ ಸಂಜೆಯೂ ಆ ಸೂಪರ್‌ವೈಸರ್ ಹೊರಗೆ ಹೋದ ಸಮಯ ಆಕೆ ಬರೆದದ್ದಕ್ಕೆ ತಾಳೆಯಾಯಿತು. ನೋಡಿದವರು ಯಾರೂ ಬಾಯಿ ಬಿಟ್ಟಿರಲಿಲ್ಲ. ಆ ಪುಸ್ತಕದ ಬಲದ ಮೇಲೆಯೇ ಆಕೆಯ ದೂರು ನಿಂತಿತು.

ಬರೆಯಲು ಬಾರದವರಿಗೆ ಬರೆದುಕೊಳ್ಳಲು ನೆರವಾಗಬೇಕಾದ್ದು ಸಮಿತಿಯ ಕರ್ತವ್ಯ. ಕನ್ನಡದಲ್ಲಿ ಬರೆದರೆ ಸಾಕು. ದೂರಿನ ಆರು ಪ್ರತಿ, ಇರುವ ದಾಖಲೆಗಳು, ಸಾಕ್ಷಿಗಳ ಹೆಸರು ವಿಳಾಸ ಕೊಡಬೇಕೆಂದು ನಿಯಮವಿದೆ. ಕೊಟ್ಟ ದಿನ ನಿಮ್ಮ ಪ್ರತಿಯ ಮೇಲೆ ಸಹಿ, ಸೀಲು ಹಾಕಿಸಿಕೊಳ್ಳಿ. ಹಾಕಲು ಒಪ್ಪದಿದ್ದರೆ ಅಂಚೆಯಲ್ಲಿ ಕಳಿಸಿ. ಮೊಬೈಲ್ ಮೆಸೇಜುಗಳನ್ನು ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದೆನೆಂದು ಹಳೆಯ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡಬೇಡಿ. ಕೋರ್ಟಿನವರೆಗೆ ಹೋದರೆ ಆ ಫೋನೇ ಬೇಕಾಗುತ್ತದೆ.

ವಕೀಲರ ಬಗ್ಗೆ ನಿಮಗಿರುವ ಭಯ ಒಂದು ಮಟ್ಟಿಗೆ ಅನಗತ್ಯ. ಆಂತರಿಕ ಸಮಿತಿಯ ಮುಂದೆ ಯಾವ ಪಕ್ಷದವರೂ ವಕೀಲರನ್ನು ಕರೆತರುವಂತಿಲ್ಲ, ಆ ಸೂಪರ್‌ವೈಸರ್ ಕೂಡ ಒಬ್ಬರೇ ಬಂದು ಉತ್ತರ ಕೊಡಬೇಕು. ಆದರೆ ದೂರು ಬರೆಸಿಕೊಳ್ಳಲು, ಮುಂದೇನು ಎಂದು ಕೇಳಲು, ಪೊಲೀಸ್ ಠಾಣೆಗೆ ಅಥವಾ ನ್ಯಾಯಾಲಯಕ್ಕೆ ಹೋಗಬೇಕಾಗಿ ಬಂದರೆ ಜೊತೆಗೆ ನಿಲ್ಲಲು ವಕೀಲರು ಬೇಕು. ಅವರನ್ನು ಸರ್ಕಾರವೇ ಕೊಡುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು ಉಚಿತ ಕಾನೂನು ನೆರವಿಗೆ ಅರ್ಹರು, ಇವರಿಗೆ ಆದಾಯದ ಮಿತಿಯಿಲ್ಲ. ನೀವು ಮೂರೂ ದಾರಿಯಿಂದ ಅರ್ಹರಾಗುತ್ತೀರಿ. ತಾಲ್ಲೂಕು ಅಥವಾ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಕಚೇರಿಗೆ ಹೋಗಿ ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಟ್ಟರೆ ಸಾಕು. ಕರ್ನಾಟಕ ರಾಜ್ಯ ಪ್ರಾಧಿಕಾರದ ಕಚೇರಿ ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ. ರಜೆ ಸಿಗದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ನೇಮಕವಾದ ವಕೀಲರು ನಿಮ್ಮಿಂದ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ. ಕೇಳಿದರೆ ಅದೇ ಕಚೇರಿಗೆ ದೂರು ಕೊಡಿ. ಪ್ಯಾನೆಲ್‌ನಲ್ಲಿರುವ ನಾನೇ ಈ ಮಾತು ಹೇಳುತ್ತಿದ್ದೇನೆ.

ದೂರು ಕೊಟ್ಟ ಮೇಲೆ ಅದೇ ಲೈನಿನಲ್ಲಿ, ಆ ಸೂಪರ್‌ವೈಸರ್ ಕಣ್ಣೆದುರೇ ಕೂತು ಹೊಲಿಯಬೇಕಾದೀತು ಎಂಬುದು ಎಲ್ಲರನ್ನೂ ಹೆದರಿಸುವ ಸಂಗತಿ. ಅದಕ್ಕೂ ದಾರಿಯಿದೆ. ವಿಚಾರಣೆ ನಡೆಯುವಾಗ ನಿಮ್ಮನ್ನಾಗಲಿ ಅವರನ್ನಾಗಲಿ ಬೇರೆ ಕಡೆಗೆ ಹಾಕಿಸಲು, ನಿಮ್ಮ ಹಕ್ಕಿನ ರಜೆಯ ಜೊತೆಗೆ ಮೂರು ತಿಂಗಳವರೆಗೆ ಹೆಚ್ಚುವರಿ ರಜೆ ಕೊಡಿಸಲು, ನಿಮ್ಮ ಕೆಲಸದ ಬಗ್ಗೆ ಅವರು ವರದಿ ಬರೆಯದಂತೆ ತಡೆಯಲು ಸಮಿತಿ ಶಿಫಾರಸು ಮಾಡಬಹುದು. ಆದರೆ ನೀವು ಲಿಖಿತವಾಗಿ ಕೇಳಬೇಕು. ದೂರಿನ ಕೊನೆಯಲ್ಲೇ ಈ ಬೇಡಿಕೆಯನ್ನು ಸೇರಿಸಿಬಿಡಿ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು, ಮುಗಿದ ಹತ್ತು ದಿನದಲ್ಲಿ ವರದಿಯ ಪ್ರತಿ ನಿಮ್ಮ ಕೈಗೂ ಬರಬೇಕು. ನಡುವೆ 'ರಾಜಿ ಮಾಡಿಕೊಳ್ಳಮ್ಮ' ಎಂದು ಹಿರಿಯರಂತೆ ಬುದ್ಧಿ ಹೇಳುವವರು ಬರುತ್ತಾರೆ. ಸಂಧಾನ ನೀವಾಗಿ ಕೇಳಿದರೆ ಮಾತ್ರ, ಅದೂ ಹಣದ ಲೆಕ್ಕದ ಮೇಲೆ ಅಲ್ಲ. ಕಾನೂನು ಇದನ್ನು ಸ್ಪಷ್ಟವಾಗಿ ಹೇಳಿದೆ. ಸಾಬೀತಾಗದಿದ್ದರೆ ಸುಳ್ಳು ದೂರೆಂದು ಶಿಕ್ಷೆಯಾಗುತ್ತದೆ ಎಂದು ಹೆದರಿಸುವವರೂ ಇರುತ್ತಾರೆ. ಸಾಬೀತು ಮಾಡಲಾಗದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲವೆಂದು ಪಾಶ್ ಕಾಯ್ದೆಯ 14ನೇ ಸೆಕ್ಷನ್‌ನಲ್ಲಿದೆ. ತೀರ್ಮಾನ ಸರಿಯಿಲ್ಲ ಅನ್ನಿಸಿದರೆ 90 ದಿನದೊಳಗೆ ಮೇಲ್ಮನವಿಗೆ ಅವಕಾಶವಿದೆ.

ಸಮಿತಿಯ ಸದಸ್ಯರು ಬಹುತೇಕ ಕಂಪನಿಯ ಸಂಬಳದವರೇ ಆಗಿರುವುದರಿಂದ ಎಲ್ಲ ಸಮಿತಿಗಳೂ ನಿರ್ಭಯವಾಗಿ ನಡೆಯುತ್ತವೆ ಎಂದು ನಾನು ಹೇಳಲಾರೆ. ಈ ಕಾಯ್ದೆಯ ದೊಡ್ಡ ದೌರ್ಬಲ್ಯ ಇದೇ ಎಂಬುದು ನನ್ನ ಅನುಭವ. ಆದ್ದರಿಂದ ಪೊಲೀಸ್ ದಾರಿಯನ್ನು ಮರೆಯಬೇಡಿ. ಒಪ್ಪಿಗೆಯಿಲ್ಲದೆ ಮೈ ಮುಟ್ಟುವುದು, ಲೈಂಗಿಕ ಬೇಡಿಕೆ ಇಡುವುದು ಭಾರತೀಯ ನ್ಯಾಯ ಸಂಹಿತೆಯ 75ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಶಿಕ್ಷೆಯಿರುವ ಅಪರಾಧ. ಸಮಿತಿಗೆ ದೂರು ಕೊಟ್ಟಿದ್ದರೂ ಠಾಣೆಗೆ ಹೋಗಬಹುದು, ಮೂರು ತಿಂಗಳ ಗಡುವು ಅಲ್ಲಿಗಿಲ್ಲ. ನಿಮ್ಮ ಹೇಳಿಕೆಯನ್ನು ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು.

ಜಾತಿ ನಿಂದನೆಯ ವಿಷಯ ಸಮಿತಿಯ ಕೈಯಲ್ಲಿ ಮುಗಿಯುವಂಥದ್ದಲ್ಲ. ನಾಲ್ಕು ಜನರ ಎದುರು ಜಾತಿ ಹೆಸರು ಹಿಡಿದು ಅವಮಾನಿಸಿದರೆ ಅದು 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯಡಿ ಬರುತ್ತದೆ, ಎಫ್‌ಐಆರ್ ದಾಖಲಿಸಲು ಪೂರ್ವಭಾವಿ ವಿಚಾರಣೆಯ ಅಗತ್ಯವಿಲ್ಲ. ಆ ಹೊತ್ತಿನಲ್ಲಿ ನಿಮ್ಮ ಮುಂದಿನ, ಹಿಂದಿನ ಮಿಷನ್ನುಗಳಲ್ಲಿ ಯಾರು ಕುಳಿತಿದ್ದರು ಎಂಬುದನ್ನು ಇವತ್ತೇ ನೆನಪಿಸಿಕೊಂಡು ಬರೆದಿಡಿ.

ಕೆಲಸದಿಂದ ತೆಗೆದೇಬಿಟ್ಟರೆ ಕಾರ್ಮಿಕ ಇಲಾಖೆಯ ಮುಂದೆ ವಿವಾದ ಎತ್ತಬಹುದು, ಯೂನಿಯನ್ ಸದಸ್ಯತ್ವ ಇಲ್ಲದಿದ್ದರೂ ಒಬ್ಬರೇ ಎತ್ತಬಹುದು. ಅದಕ್ಕೂ ಉಚಿತ ವಕೀಲರು ಸಿಗುತ್ತಾರೆ.

ಕೊನೆಯದಾಗಿ, ನಿಮ್ಮ ಪ್ರಶ್ನೆಯಲ್ಲಿ ಲೈನ್ ನಂಬರ್ ಮತ್ತು ಶಿಫ್ಟಿನ ಸಮಯ ಬರೆದಿದ್ದೀರಿ. ಕೆಲಸದವರಿಗೆ ಅಷ್ಟರಿಂದಲೇ ನಿಮ್ಮ ಗುರುತು ಹತ್ತುತ್ತದೆ, ದಯವಿಟ್ಟು ಆ ಎರಡು ಸಾಲುಗಳನ್ನು ಈಗಲೇ ಅಳಿಸಿ. ದೂರಿನ ಕರಡು ಬರೆದ ಮೇಲೆ ಹೆಸರು, ಜಾಗ ಎಲ್ಲ ತೆಗೆದು ಇಲ್ಲಿ ಹಾಕಿದರೆ ಓದಿ ತಿದ್ದಿಕೊಡುತ್ತೇನೆ.