ಕೈಯಲ್ಲಿ ಸುತ್ತುವ ತಂಬಾಕು ಮತ್ತು ಪೈಪ್ ತಂಬಾಕನ್ನು ತಯಾರಿಸುವುದು, ಅಳೆಯುವುದು ಹೇಗೆ?
ಎರಡಕ್ಕೂ ಮೂಲ ಒಂದೇ ಗಿಡದ ಎಲೆ. ವ್ಯತ್ಯಾಸವಿರುವುದು ಮುಖ್ಯವಾಗಿ ಕತ್ತರಿಸುವ ಅಗಲದಲ್ಲಿ ಮತ್ತು ತೇವಾಂಶದಲ್ಲಿ. ಬಿಸಿಗಾಳಿಯಲ್ಲಿ ಹದಗೊಳಿಸಿದ ವರ್ಜೀನಿಯಾ, ನೆರಳಿನ ಗಾಳಿಯಲ್ಲಿ ಒಣಗಿಸಿದ ಬರ್ಲಿ ಮೊದಲಾದ ಎಲೆಗಳಿಗೆ ಹಬೆ ಹಾಯಿಸಿ ಮೆತ್ತಗಾಗಿಸಿ, ನಡುನರವನ್ನು ಬೇರ್ಪಡಿಸಿ, ಬೇಕಾದ ಪ್ರಮಾಣದಲ್ಲಿ ಬೆರೆಸಿ ಕತ್ತರಿಸುತ್ತಾರೆ. ಸುತ್ತುವ ತಂಬಾಕು ಸಣ್ಣ ಎಳೆಗಳಾಗಿರುತ್ತದೆ: ಐರೋಪ್ಯ ಒಕ್ಕೂಟದ 2011ರ ತೆರಿಗೆ ನಿರ್ದೇಶನದ ಪ್ರಕಾರ, ತೂಕದಲ್ಲಿ ಶೇ. 25ಕ್ಕಿಂತ ಹೆಚ್ಚು ಭಾಗದ ಎಳೆಗಳ ಅಗಲ 1.5 ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ ಅದು ಸುತ್ತುವ ತಂಬಾಕು. ಪೈಪ್ ತಂಬಾಕು ಸಾಮಾನ್ಯವಾಗಿ ದಪ್ಪ; ಎಲೆಗಳನ್ನು ಒತ್ತಿ ಹಲಗೆಯಂತೆ ಮಾಡಿ ತೆಳುವಾಗಿ ಸೀಳುವುದೂ, ಹಬೆ ಮತ್ತು ಒತ್ತಡದಿಂದ ಕಪ್ಪಾಗಿಸುವುದೂ ಉಂಟು.

ಅಳತೆ ತೂಕದ ಲೆಕ್ಕ, ಗ್ರಾಂಗಳಲ್ಲಿ. ಆದರೆ ತೂಕದಲ್ಲಿ ನೀರೂ ಸೇರಿರುವುದನ್ನು ಮರೆಯಬಾರದು: ಶೇ. 20 ತೇವಾಂಶವಿರುವ 50 ಗ್ರಾಂ ತಂಬಾಕಿನಲ್ಲಿ 10 ಗ್ರಾಂ ನೀರೇ ಇರುತ್ತದೆ, ಪೊಟ್ಟಣ ತೆರೆದಿಟ್ಟರೆ ಅದು ಆರಿ ತೂಕ ಇಳಿಯುತ್ತದೆ. ಆದ್ದರಿಂದಲೇ ಪ್ರಯೋಗಾಲಯದಲ್ಲಿ ಮಾದರಿಯನ್ನು ನಿಗದಿತ ಉಷ್ಣತೆ ಮತ್ತು ಆರ್ದ್ರತೆಯಲ್ಲಿ ಇರಿಸಿದ ಮೇಲೆಯೇ ತೂಗುತ್ತಾರೆ. ಕೈಯಲ್ಲಿ ಸುತ್ತಿದ ಸಿಗರೇಟಿನಲ್ಲಿ ತಂಬಾಕಿನ ಪ್ರಮಾಣ ಸುತ್ತುವವರನ್ನು ಅವಲಂಬಿಸಿರುವುದರಿಂದ, ಪೊಟ್ಟಣದ ತೂಕದಿಂದ ಸಿಗರೇಟುಗಳ ಸಂಖ್ಯೆಯನ್ನು ಅಂದಾಜಿಸಬಹುದೇ ಹೊರತು ನಿಖರವಾಗಿ ಹೇಳಲಾಗದು. ಕೈಯಲ್ಲಿ ಸುತ್ತಿದ್ದೆಂಬ ಕಾರಣಕ್ಕೆ ಅದರ ಹಾನಿಯೂ ಕಡಿಮೆಯಾಗುವುದಿಲ್ಲ.