ಸೋಮಾರಿತನವೋ, ರಕ್ತಹೀನತೆಯೋ?

ಮಾನ್ಯರೇ,

ಪಡಿತರದ ಅಕ್ಕಿ ಪುಕ್ಕಟೆಯಾಗಿ ಸಿಗತೊಡಗಿದ ಮೇಲೆ ತೋಟದ ಆಳುಗಳು, ಅದರಲ್ಲೂ ಹೆಣ್ಣಾಳುಗಳು, ಮೈಬಗ್ಗಿಸಿ ದುಡಿಯುತ್ತಿಲ್ಲವೆಂದೂ, ಕಾಫಿ ಕೊಯ್ಲಿನ ದಿನಗಳಲ್ಲಿ ಮಧ್ಯಾಹ್ನದ ಹೊತ್ತಿಗೇ ಕೂತುಬಿಡುತ್ತಾರೆಂದೂ ಚಿಕ್ಕಮಗಳೂರು ಜಿಲ್ಲೆಯ ಬೆಳೆಗಾರರಾದ ತಾವು ಬರೆದಿದ್ದೀರಿ. ಕೆಲಸ ಸಾಗುತ್ತಿಲ್ಲವೆಂಬ ತಮ್ಮ ಮಾತನ್ನು ಅಲ್ಲಗಳೆಯುವುದಿಲ್ಲ. ಅದಕ್ಕೆ ತಾವು ಕೊಟ್ಟ ಕಾರಣವನ್ನು ಮಾತ್ರ ಒಪ್ಪಲಾರೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಹಿಮೋಗ್ಲೋಬಿನ್ ಕಡಿಮೆಯಾದರೆ ಸ್ನಾಯುಗಳಿಗೆ ಆಮ್ಲಜನಕ ಸಾಲದು. ಹಣ್ಣಿನ ಮೂಟೆ ಹೊತ್ತು ಏರು ಹತ್ತುವಾಗ ಏದುಸಿರು ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕಣ್ಣು ಕತ್ತಲಿಡುತ್ತದೆ. ಹಾಗೆ ಕೂತವಳನ್ನು ಮೈಗಳ್ಳಿ ಎನ್ನುವುದು ಅನ್ಯಾಯ.

ಇಂಡೊನೇಷ್ಯಾದ ರಬ್ಬರ್ ತೋಟದ ಕೆಲಸಗಾರರ ಮೇಲೆ ನಡೆದು 1979ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ತಾವು ಗಮನಿಸಬೇಕು. ಅಲ್ಲಿ ಮರದಿಂದ ಇಳಿಸಿ ತಂದ ರಬ್ಬರ್ ಹಾಲನ್ನು ತೂಗುತ್ತಿದ್ದುದರಿಂದ ಯಾರ ದುಡಿಮೆ ಎಷ್ಟೆಂಬುದನ್ನು ಊಹಿಸಬೇಕಾಗಿರಲಿಲ್ಲ. ರಕ್ತಹೀನತೆಯಿದ್ದವರು ಉಳಿದವರಿಗಿಂತ ಕಡಿಮೆ ಹಾಲು ತರುತ್ತಿದ್ದರು. 60 ದಿನ ಕಬ್ಬಿಣಾಂಶದ ಮಾತ್ರೆ ನುಂಗಿದ ಮೇಲೆ ಅವರು ಉಳಿದವರ ಸಮಕ್ಕೆ ಬಂದರು. ತೋಟ ಅದೇ, ಮೇಸ್ತ್ರಿಯ ಬೈಗುಳ ಹೆಚ್ಚಬೇಕಾಗಲಿಲ್ಲ.

ಇನ್ನು ಅಕ್ಕಿಯ ವಿಚಾರ. ಗ್ರಾಮೀಣ ಮಹಾರಾಷ್ಟ್ರದ 1983ರ ಅಂಕಿಅಂಶಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಾದ ಶಂಕರ್ ಸುಬ್ರಮಣಿಯನ್ ಮತ್ತು ಆಂಗಸ್ ಡೀಟನ್, ಒಂದು ದಿನದ ದುಡಿಮೆಗೆ ಬೇಕಾದ ಕ್ಯಾಲೊರಿಯ ಬೆಲೆ ದಿನಗೂಲಿಯ ಶೇ. 5ಕ್ಕಿಂತ ಕಡಿಮೆ ಎಂದು ತೋರಿಸಿದರು. ಹೊಟ್ಟೆ ತುಂಬಿಸುವುದು ಅಗ್ಗ; ದುಬಾರಿಯಾಗಿರುವುದು ಬೇಳೆ, ಸೊಪ್ಪು, ಮೊಟ್ಟೆ, ಮಾಂಸ. ಪಾಲಿಶ್ ಅಕ್ಕಿಯಲ್ಲಿ ಸಹಜವಾಗಿ ಇರುವ ಕಬ್ಬಿಣಾಂಶ ಅತ್ಯಲ್ಪ. ಆದ್ದರಿಂದ ಆಕ್ಷೇಪಿಸಬೇಕಾದದ್ದು ಅಕ್ಕಿ ಕೊಟ್ಟದ್ದನ್ನಲ್ಲ, ಅಕ್ಕಿಯೊಂದನ್ನೇ ಕೊಟ್ಟು ಸುಮ್ಮನಾದದ್ದನ್ನು. ಕಿಲೋ ಲೆಕ್ಕದ ಕೂಲಿಯಲ್ಲಿ ಸೊರಗಿದವಳ ಗಳಿಕೆ ಇಳಿಯುತ್ತದೆ, ಆಕೆಯ ತಟ್ಟೆಯಿಂದ ಮೊದಲು ಮರೆಯಾಗುವುದು ಈ ದುಬಾರಿ ಪದಾರ್ಥಗಳೇ, ಮುಂದಿನ ಕೊಯ್ಲಿಗೆ ಆಕೆಯನ್ನು ಯಾರೂ ಕರೆಯುವುದಿಲ್ಲ.

ತಮ್ಮ ಕೈಯಲ್ಲೇ ಇರುವ ಕೆಲಸಗಳಿವೆ. ಊಟದ ಬೆನ್ನಿಗೇ ಕುಡಿದ ಟೀ, ಕಾಫಿ ಅನ್ನದೊಳಗಿನ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತವೆ; ಅವನ್ನು ಒಂದು ಗಂಟೆ ತಡವಾಗಿ ಕೊಡಿಸಿ, ಊಟದ ಜೊತೆ ನಿಂಬೆಹಣ್ಣು ಇರಲಿ. ಬರಿಗಾಲಲ್ಲಿ ದುಡಿಯುವವರಿಗೆ ಕರುಳಲ್ಲಿದ್ದು ರಕ್ತ ಹೀರುವ ಕೊಕ್ಕೆಹುಳುವಿನ ಕಾಟವೂ ಇರುತ್ತದೆ. ಕೊಯ್ಲಿಗೆ ಎರಡು ತಿಂಗಳು ಮುಂಚೆಯೇ ಆಶಾ ಕಾರ್ಯಕರ್ತೆಯ ಮೂಲಕ ಎಲ್ಲರನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿ ರಕ್ತ ಪರೀಕ್ಷೆ ಮಾಡಿಸಿ, ಮತ್ತು ಆ ಅರ್ಧ ದಿನದ ಕೂಲಿಯನ್ನು ದಯವಿಟ್ಟು ಹಿಡಿಯಬೇಡಿ.

— ಸಂಪಾದಕ