ಶುಕ್ರವಾರದ ಮೀನೂಟ ತಪಸ್ಸೇ?

ಅಮೆರಿಕದ ಮಿಲ್ವಾಕಿಯಲ್ಲಿ ನೆಲೆಸಿರುವ ಕರಾವಳಿ ಮೂಲದ ಓದುಗರೊಬ್ಬರ ಪತ್ರ: "ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ (ಲೆಂಟ್) ಪ್ರತಿ ಶುಕ್ರವಾರ ನಮ್ಮ ಚರ್ಚಿನ ಹಾಲ್‌ನಲ್ಲಿ ಫಿಶ್ ಫ್ರೈ, ಅಂದರೆ ಕರಿದ ಮೀನಿನ ಸಾಮೂಹಿಕ ಊಟ. ಬಿಯರ್, ಲಾಟರಿ ಚೀಟಿ, ‘ಎಷ್ಟು ಬೇಕಾದರೂ ತಿನ್ನಿ’ ಎಂಬ ಬೋರ್ಡು. ಊರಿಂದ ಬಂದಿರುವ ಅಮ್ಮ ‘ಇದೇನು ತಪಸ್ಸುಕಾಲವೋ, ಅತ್ತೂರು ಜಾತ್ರೆಯೋ’ ಎಂದು ಕೇಳಿದರು. ಮುಂದಿನ ವಾರ ಅಡುಗೆಯ ಸರದಿ ನನ್ನದು. ಹೋದ ಸಲ ಹಿಟ್ಟು ಕಳಚಿ ಮೀನು ಮೆತ್ತಗಾಗಿತ್ತು. ಎರಡಕ್ಕೂ ಉತ್ತರ ಬೇಕು."

ಅಮ್ಮನ ಪ್ರಶ್ನೆ ಸರಿಯಾಗಿದೆ. ಮಂಗಳೂರು ಕಡೆಯ ಹಲವು ಮನೆಗಳಲ್ಲಿ ತಪಸ್ಸುಕಾಲ ಮುಗಿಯುವವರೆಗೆ ಮೀನನ್ನೂ ಬಿಡುತ್ತಾರೆ. ಕಥೋಲಿಕ ಧರ್ಮಸಭೆಯ ನಿಯಮ ಕೇಳುವುದು ಅದಕ್ಕಿಂತ ಕಡಿಮೆ: 14 ತುಂಬಿದವರು ಶುಕ್ರವಾರ ಮಾಂಸ ಬಿಡಬೇಕು, ಅಷ್ಟೇ. ಮೀನು ತಿನ್ನಲೇಬೇಕೆಂದು ಎಲ್ಲೂ ಹೇಳಿಲ್ಲ. ಪೋಪ್ ಆರನೇ ಪಾಲ್ 1966ರಲ್ಲಿ ಹೊರಡಿಸಿದ ನಿಯಮದಂತೆ ಮೊಟ್ಟೆ, ಹಾಲಿನ ಪದಾರ್ಥ, ಪ್ರಾಣಿಕೊಬ್ಬಿನ ಒಗ್ಗರಣೆಗೂ ಅಡ್ಡಿಯಿಲ್ಲ. ಆದರೆ ಬೀನ್ಸ್‌ಗೆ ಬೇಕನ್ (ಹಂದಿಮಾಂಸ) ಚೂರು ಹಾಕುವ ಅಭ್ಯಾಸ ಅಲ್ಲಿನ ಅಡುಗೆಮನೆಗಳಲ್ಲಿದೆ. ಅದು ಮಾಂಸವೇ, ಬೇಡ. ಅದೇ ವರ್ಷ ನವೆಂಬರಿನಲ್ಲಿ ಅಮೆರಿಕದ ಧರ್ಮಾಧ್ಯಕ್ಷರು ವರ್ಷದ ಉಳಿದ ಶುಕ್ರವಾರಗಳ ಕಡ್ಡಾಯ ಸಡಿಲಿಸಿ, ತಪಸ್ಸುಕಾಲದ್ದನ್ನು ಉಳಿಸಿಕೊಂಡರು.

ಈಗ ಮೀನು. ನೂರು ತಟ್ಟೆಗೆ, ತಲಾ 85 ಗ್ರಾಂನ ಎರಡು ತುಂಡಿನಂತೆ, 17 ಕಿಲೊ ಕಾಡ್ ಮೀನು ಸಾಕು. ಮುರಿಯುವುದಕ್ಕೆಂದು ಇನ್ನೆರಡು ಕಿಲೊ ಸೇರಿಸಿ. ಹೆಪ್ಪುಗಟ್ಟಿದ ಮೀನನ್ನು ಹಿಂದಿನ ರಾತ್ರಿಯೇ 4 ಡಿಗ್ರಿ ಫ್ರಿಜ್‌ನಲ್ಲಿ ಕರಗಲು ಇಡಿ. ಗಾಳಿ ತೆಗೆದು ಪ್ಯಾಕ್ ಮಾಡಿದ ಮೀನಾದರೆ ಮೊದಲು ಪ್ಲಾಸ್ಟಿಕ್ ಸೀಳಿ. ಗಾಳಿಯಿಲ್ಲದ ಪ್ಯಾಕಿನಲ್ಲಿ ಬಾಟ್ಯುಲಿಸಮ್ ಎಂಬ ಅಪಾಯಕಾರಿ ವಿಷಬಾಧೆ ತರುವ ಒಂದು ಬಗೆಯ ಬ್ಯಾಕ್ಟೀರಿಯಾ ಫ್ರಿಜ್‌ನ ತಂಪಿನಲ್ಲೂ ಬೆಳೆಯಬಲ್ಲದು. ಇದರಲ್ಲಿ ಸಲಿಗೆ ಬೇಡವೇ ಬೇಡ.

ಹಿಟ್ಟು ಕಳಚುವುದು ನೀರಿನಿಂದ. ಫಾಸ್ಫೇಟ್ ಹಾಕಿದ ತುಂಡುಗಳು ನೀರು ಹಿಡಿದಿಟ್ಟು ಎಣ್ಣೆಯಲ್ಲಿ ಬಿಡುತ್ತವೆ. ಖರೀದಿಸುವಾಗ ಲೇಬಲ್ ಓದಿ. ಕರಗಿದ ತುಂಡನ್ನು ಕಾಗದದಲ್ಲಿ ಒತ್ತಿ ಒರೆಸಿ, ಒಣ ಮೈದಾದಲ್ಲಿ ಹೊರಳಿಸಿ ಕೊಡವಿ, ಆಮೇಲೆ ಕಲಸಿದ ಹಿಟ್ಟಿಗೆ ಅದ್ದಿ. ಒಂದು ಕಿಲೊ ಮೈದಾ, 200 ಗ್ರಾಂ ಕಾರ್ನ್‌ಫ್ಲೋರ್, 30 ಗ್ರಾಂ ಬೇಕಿಂಗ್ ಪೌಡರ್, 20 ಗ್ರಾಂ ಉಪ್ಪು, ಸುಮಾರು ಒಂದೂವರೆ ಲೀಟರ್ ತಣ್ಣನೆಯ ಬಿಯರ್ ಅಥವಾ ಸೋಡಾ. ಹದ ಬೋಂಡಾ ಹಿಟ್ಟಿಗಿಂತ ತೆಳು, ಚಮಚದ ಬೆನ್ನಿಗೆ ಅಂಟುವಷ್ಟು. ಗಂಟು ಉಳಿದರೂ ತೊಂದರೆಯಿಲ್ಲ. ಹೆಚ್ಚು ಕಲಸಿದರೆ ಕವಚ ಜಿಗುಟಾಗುತ್ತದೆ. ಒಮ್ಮೆಲೇ ಕಲಸಿಡದೆ, ಮುಗಿದಂತೆ ಹೊಸದು ಮಾಡಿ.

ಎಣ್ಣೆ 180ರಿಂದ 185 ಡಿಗ್ರಿ. ಬುಟ್ಟಿಯನ್ನು ಮೊದಲು ಎಣ್ಣೆಯಲ್ಲಿ ಮುಳುಗಿಸಿ, ಮೀನನ್ನು ನಂತರ ಒಂದೊಂದಾಗಿ ಜಾರಿಸಿ. ಮೊದಲೇ ಬುಟ್ಟಿಯಲ್ಲಿಟ್ಟರೆ ತಂತಿಗೆ ಅಂಟಿ ಕವಚ ಹರಿಯುತ್ತದೆ. ಇಪ್ಪತ್ತು ಲೀಟರ್ ಎಣ್ಣೆಗೆ ಒಂದು ಸಲಕ್ಕೆ ಎರಡು ಕಿಲೊ ದಾಟಬೇಡಿ. ಸಾಲು ಉದ್ದವಾದಾಗ ಎಲ್ಲರೂ ಮಾಡುವ ತಪ್ಪು ಇದೇ: ಹೆಚ್ಚು ತುಂಬಿಸಿದರೆ ಎಣ್ಣೆ ತಣಿದು, ಮೀನು ಕರಿಯುವ ಬದಲು ಎಣ್ಣೆ ಕುಡಿಯುತ್ತದೆ. ನಾಲ್ಕೈದು ನಿಮಿಷ, ಒಳಗೆ 63 ಡಿಗ್ರಿ. ತೆಗೆದ ಮೇಲೆ ತಂತಿಜಾಲರಿಯ ಮೇಲೆ ಒಂದೇ ಪದರದಲ್ಲಿ ಹರಡಿ. ನಿಮ್ಮದು ಮೆತ್ತಗಾದದ್ದು ಬಹುಶಃ ಮುಚ್ಚಳವಿರುವ ಟ್ರೇನಲ್ಲಿ ರಾಶಿ ಹಾಕಿ ಹಬೆ ಕಟ್ಟಿದ್ದರಿಂದ.

ಇನ್ನು ಜಾತ್ರೆಯ ವಿಷಯ. ಜನ ಸೇರಿ ಉಣ್ಣುವುದರಲ್ಲಿ ದೋಷವಿಲ್ಲ. ಒಂಟಿಯಾಗಿರುವ ಹಿರಿಯರಿಗೆ ವಾರದಲ್ಲಿ ನಾಲ್ಕು ಜನರೊಂದಿಗೆ ಉಣ್ಣುವ ಹೊತ್ತು ಅದೊಂದೇ ಆಗಿರಬಹುದು. ಅವರನ್ನು ಕಾರಿನಲ್ಲಿ ಕರೆತರುವ ಕೆಲಸವನ್ನು ಯಾರಿಗಾದರೂ ವಹಿಸಿ. ನಮಗೆ ಒಪ್ಪದಿರುವುದು ಆ ಬೋರ್ಡು. ತಟ್ಟೆಗೆ ಎರಡೇ ತುಂಡು, ಜೊತೆಗೆ ಎಲೆಕೋಸಿನ ಸ್ಲಾ (ಸಲಾಡ್), ರೈ ಬ್ರೆಡ್. ಉಳಿದ ಹಣದಲ್ಲಿ ಎಷ್ಟು ಪಾಲು ಬಡವರಿಗೆ ಎಂದು ಬಾಗಿಲಲ್ಲೇ ಬರೆದು ಹಾಕಿ. 1975ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಶುರುವಾದ ‘ರೈಸ್ ಬೌಲ್’ ಎಂಬ ತಪಸ್ಸುಕಾಲದ ದಾನ ಸಂಗ್ರಹದ ರಟ್ಟಿನ ಡಬ್ಬಿಯನ್ನು ಪ್ರತಿ ಮೇಜಿನ ಮೇಲಿಡಿ. ಶಿಲುಬೆಯ ಹಾದಿಯ ಪ್ರಾರ್ಥನೆ ನಡೆಯುವಷ್ಟು ಹೊತ್ತು ಬಡಿಸುವುದು ನಿಲ್ಲಲಿ, ಅಡುಗೆಯವರಿಗೂ ಹೋಗಲು ಬಿಡುವು ಸಿಗಲಿ.

ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ 18ರಿಂದ 59 ವರ್ಷದವರಿಗೆ ಉಪವಾಸವೂ ಇದೆ: ಒಂದು ಪೂರ್ತಿ ಊಟ, ಜೊತೆಗೆ ಎರಡೂ ಸೇರಿ ಒಂದು ಊಟವಾಗದಷ್ಟು ಚಿಕ್ಕ ತಿಂಡಿಗಳು. ಆ ಎರಡು ದಿನ ಬಿಯರ್ ಕೌಂಟರ್ ಮುಚ್ಚಿ. ಅಮ್ಮನಿಗೆ 60 ದಾಟಿದ್ದರೆ ಉಪವಾಸ ಕಡ್ಡಾಯವಲ್ಲ, ಮಾಂಸ ಬಿಡುವುದಕ್ಕೆ ಮಾತ್ರ ವಯಸ್ಸಿನ ಮೇಲ್ಮಿತಿ ಇಲ್ಲ. ಮೀನನ್ನೂ ಬಿಡುವ ಅವರಿಗೆ ಒಂದು ತಟ್ಟೆ ಆಲೂಗಡ್ಡೆ ಪ್ಯಾನ್‌ಕೇಕ್, ಸೇಬಿನ ಸಾಸ್ ತೆಗೆದಿಡಿ.